ಭಾನುವಾರ ಖಂಡಿತ ಬರುತ್ತೇನೆ

ನನ್ನ ಗಂಡನ ಮೊದಲ ಹೆಂಡತಿಗೆ ಅವರ ಹೆಸರಿನಲ್ಲಿ ಕಾಗದ ಬರೆಯುತ್ತಿದ್ದವಳು ನಾನು. ಆಗ ಅವರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಶ್ವಾಸಕೋಶದ ಕಾಯಿಲೆಯಿಂದ ಆಕೆ ಬೆಟ್ಟದ ಮೇಲಿನ ಬೇಸಿಗೆ ವಿಶ್ರಾಂತಿಧಾಮದಲ್ಲಿದ್ದಳು. ‘ಒಮ್ಮೆ ಬಂದು ಹೋಗಿ’ ಎಂದು ಆಕೆ ಬರೆದಾಗಲೆಲ್ಲ, ‘ಕೆಲಸ ಜಾಸ್ತಿ, ಮುಂದಿನ ಭಾನುವಾರ ಖಂಡಿತ ಬರುತ್ತೇನೆ’ ಎಂದು ನಾನು ಟೈಪು ಮಾಡುತ್ತಿದ್ದೆ. ಇವರು ಓದದೆ ಸಹಿ ಹಾಕುತ್ತಿದ್ದರು. ಆ ಭಾನುವಾರಗಳನ್ನೆಲ್ಲ ನನ್ನ ಜೊತೆ ಕಳೆದರು. ಆಕೆ ಕಾಯುತ್ತಲೇ ಸತ್ತಳು.

ಇಪ್ಪತ್ತು ವರ್ಷದ ಮೇಲೆ ನನಗೂ ಅದೇ ಕಾಯಿಲೆ ಬಂತು. ಅದೇ ವಿಶ್ರಾಂತಿಧಾಮಕ್ಕೆ ಸೇರಿದೆ. ಪ್ರತಿ ಶನಿವಾರ ಮಧ್ಯಾಹ್ನ ಇವರ ಕಾಗದ ಬರುತ್ತಿತ್ತು. ಬಿಸಿಲಲ್ಲಿ ತಂದರೂ ಲಕೋಟೆ ತಣ್ಣಗಿರುತ್ತಿತ್ತು, ಅಂಟು ಹಸಿಯಾಗಿರುತ್ತಿತ್ತು. ಒಳಗೆ ನಾನು ಬರೆಯುತ್ತಿದ್ದ ಅದೇ ಸಾಲು. ನನ್ನ ಹಳೆಯ ಯಂತ್ರದಲ್ಲಿ ಆಗುತ್ತಿದ್ದಂತೆಯೇ ‘ಖ’ ಅಕ್ಷರ ಸಾಲು ಬಿಟ್ಟು ಮೇಲೇರಿತ್ತು. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿದೆ.

ಐದು ವಾರ ಕಾದು, ಸೋಮವಾರ ಫೋನ್ ಮಾಡಿದೆ.

“ಏನ್ರೀ, ನಾನು ಸತ್ತ ಮೇಲೆ ಬರ್ತೀರಾ?”

“ಜ್ವರ ತಲೆಗೇರಿದೆಯೇನೇ? ವಾರವಾರವೂ ಬರ್ತಿದೀನಲ್ಲ! ನಿನ್ನೆ ಸಂಜೆ ತನಕ ನೀನೇ ಬಿಡ್ಲಿಲ್ಲ. ‘ಅವಳು ಕಾಯ್ಲಿ ಬಿಡಿ’ ಅಂತ ಒಂದೇ ಸಮ ನಗ್ತಿದ್ದೆ. ಯಾರು ಅಂದ್ರೆ ಹೇಳ್ಲಿಲ್ಲ.”

ಕೆಳಗಿಳಿದು ಭೇಟಿಗೆ ಬಂದವರ ಪುಸ್ತಕ ನೋಡಿದೆ. ಐದೂ ಭಾನುವಾರ ನನ್ನ ಕೋಣೆಯ ನಂಬರಿನ ಎದುರು ಅವರ ಸಹಿಯಿತ್ತು. ಆ ಐದೂ ಭಾನುವಾರ ನಾನು ಅದೇ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡು ಒಬ್ಬಳೇ ಕೂತಿದ್ದೆ.