ಎರಡನೇ ಕೊಠಡಿಯ ಮರದ ಪಾದ

ಮೇಜಿನ ಗಾಜಿನ ಒಂದು ತುದಿಯನ್ನು ಇನ್‌ಸ್ಪೆಕ್ಟರ್, ಇನ್ನೊಂದು ತುದಿಯನ್ನು ಮಹಿಳಾ ಕಾನ್‌ಸ್ಟೆಬಲ್ ಎತ್ತಿ ಹಿಡಿದಿದ್ದರು. ಯಾರೋ ಚೆಲ್ಲಿದ ಟೀ ಗಾಜಿನಡಿಗೆ ಇಳಿದು, ಅದರ ಬೆನ್ನು ಹತ್ತಿ ಬಂದ ಇರುವೆಗಳು ಮೂರು ದಿನದಿಂದ ಅಲ್ಲೇ ಸಂಸಾರ ಹೂಡಿದ್ದವು. ಒರೆಸಲು ಮೂರನೆಯ ಕೈ ಬೇಕೆಂಬುದು ಗಾಜು ಎತ್ತಿದ ಮೇಲೆ ಇಬ್ಬರಿಗೂ ಹೊಳೆಯಿತು. ಅಷ್ಟರಲ್ಲಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಏದುಸಿರು ಬಿಡುತ್ತ ಬಂದ. ಮಂಗಳವಾರ, ಬೆಳಿಗ್ಗೆ 10.20.

"ಸಾರ್, ಕಾಲು ಕಳುವಾಗಿದೆ."

ಇನ್‌ಸ್ಪೆಕ್ಟರ್ ಮೊದಲು ಅವನ ಎರಡೂ ಕಾಲುಗಳನ್ನು ನೋಡಿದರು.

"ಯಾರದ್ದು?"

"ಯಾರದ್ದೂ ಅಲ್ಲ ಸಾರ್. ಕಲಾಕೃತಿ. ಮರದ್ದು."

"ಆ ಬಟ್ಟೆ ತಗೊಳ್ಳಿ. ಒರೆಸ್ತಾ ಹೇಳಿ."

ಮೇಲ್ವಿಚಾರಕ ಒರೆಸುತ್ತ ಹೇಳಿದ. ಭಾನುವಾರ ಸಂಜೆ ಬಾಗಿಲು ಹಾಕುವಾಗ ಯಾರೂ ಎಣಿಸಲಿಲ್ಲ. ಸೋಮವಾರ ವಾರದ ರಜೆ. ಈ ದಿನ ಕಸ ಗುಡಿಸುವಾಕೆ ನೋಡಿದರೆ ಎರಡನೇ ಕೊಠಡಿಯ ಪೀಠ ಬೋಳಾಗಿತ್ತು. 10.45ಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ವಿವರ ಎಂಬಲ್ಲಿ "ಕಾಲು, ಒಂದು" ಎಂದು ಬರೆಯುವಾಗ ಇನ್‌ಸ್ಪೆಕ್ಟರ್ ಲೇಖನಿ ಕೆಳಗಿಟ್ಟು ಹಣೆ ಉಜ್ಜಿಕೊಂಡರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

11.40ಕ್ಕೆ ಸ್ಥಳ ಪಂಚನಾಮೆ. ಎದುರಿನ ಕೊಡೆ ರಿಪೇರಿಯವನು, ಟೀ ಅಂಗಡಿಯವನು ಪಂಚರು. ಕಾನ್‌ಸ್ಟೆಬಲ್ ಕಂಡದ್ದನ್ನೆಲ್ಲ ಬರೆದುಕೊಳ್ಳುವವಳಾದ್ದರಿಂದ ಠಾಣೆಯಲ್ಲಿ ಅವಳಿಗೆ ಟಿಪ್ಪಣಿ ಎಂದೇ ಹೆಸರು. ಪೀಠದ ಮೇಲಿನ ಚೀಟಿಯನ್ನೂ ಅವಳು ಅಕ್ಷರ ಬಿಡದೆ ಬರೆದುಕೊಂಡಳು: "ವಿಕಾರ ಪಾದ. ಮರ. ಕಲಾವಿದ: ತಿಳಿದಿಲ್ಲ. ಮನುಷ್ಯನ ನೋವಿನ ಅಮೂರ್ತ ಅಭಿವ್ಯಕ್ತಿ."

"ಎಲ್ಲಿಂದ ಬಂತು ಇದು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಹಳೇ ಮಾರ್ಕೆಟ್ ಕೆಡವಿದಾಗ ಸಾಮಾನು ಮೂಟೆಗಟ್ಟಲೆ ಬಂತು ಸಾರ್. ಅದರಲ್ಲಿ ಸಿಕ್ತು."

"ಕ್ಯಾಮೆರಾ?"

"ಇದೆ ಸಾರ್!" ಮೇಲ್ವಿಚಾರಕನ ಮುಖ ಅರಳಿತು.

"ಯಾವ ಕಡೆಗೆ ಮುಖ ಮಾಡಿದೆ?"

"ಉದ್ಘಾಟನೆಯ ಫಲಕದ ಕಡೆಗೆ. ಅದು ಅಮೃತಶಿಲೆ ಸಾರ್."

ಕ್ಯಾಮೆರಾದಲ್ಲಿ ಭಾನುವಾರವಿಡೀ ಫಲಕ ನಿಂತಲ್ಲೇ ನಿಂತಿತ್ತು. ಅದನ್ನು ಓದಲು ಸಹ ಯಾರೂ ಬಂದಿರಲಿಲ್ಲ. ಕಾವಲುಗಾರ ತಾನು ಕುರ್ಚಿ ಬಿಟ್ಟು ಎದ್ದೇ ಇಲ್ಲ ಎಂದು ಆಣೆ ಮಾಡಿದ. ಭೇಟಿ ಪುಸ್ತಕದಲ್ಲಿ ಅಂದು ಎಪ್ಪತ್ತಾರು ಜನ ಸಹಿ ಹಾಕಿದ್ದರು. ಎಪ್ಪತ್ತೈದು ಜನ "ಚೆನ್ನಾಗಿದೆ" ಎಂದು ಬರೆದು ಕೈ ತೊಳೆದುಕೊಂಡಿದ್ದರು. ಒಬ್ಬರು ಮಾತ್ರ ಎರಡು ಪುಟ ಬರೆದು, ಫೋನ್ ನಂಬರ್ ಕೊಟ್ಟು, ಬೆಳಕು ಸಾಲದು ಎಂದು ಅಡಿಗೆರೆ ಎಳೆದಿದ್ದರು.

ಆ ಒಬ್ಬರು ನಿವೃತ್ತ ಭೂಗೋಳದ ಟೀಚರಮ್ಮ. ಪ್ರವಾಸಕ್ಕೆ ಬಂದವರು ಇನ್ನೂ ವಸತಿಗೃಹದಲ್ಲೇ ಇದ್ದರು. 3.15ಕ್ಕೆ ಗಂಡನೊಂದಿಗೆ ಠಾಣೆಗೆ ಬಂದರು.

"ವರ್ಷಕ್ಕೆ ನಾಲ್ಕು ಊರು ನೋಡ್ತೀವಿ ಇನ್‌ಸ್ಪೆಕ್ಟ್ರೇ. ದೊಡ್ಡ ಮಳಿಗೆಗಳಿಗೆ ನಾನು ಕಾಲಿಡಲ್ಲ. ಚಿತ್ರಪ್ರದರ್ಶನ, ಸಂಗ್ರಹಾಲಯ, ಸಂದಿಯಲ್ಲಿರೋ ಸಣ್ಣ ಅಂಗಡಿ, ಅಷ್ಟೇ. ಇವರಿಗೆ ಮಂಡಿ ನೋವು, ಆದ್ರೂ ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋಗಲ್ಲ ಸಾರ್, ಎಳ್ಕೊಂಡು ಹೋಗ್ತಾಳೆ," ಎಂದರು ಗಂಡ.

ಎರಡು ದಿನದಲ್ಲಿ ಅವರು ನಾನೂರ ಹನ್ನೆರಡು ಫೋಟೋ ತೆಗೆದಿದ್ದರು.

"ಅಮ್ಮ, ಕಾಲಿನ ಫೋಟೋ ತೋರಿಸಿ."

"ಬಂದೆ, ಬಂದೆ. ಅದಕ್ಕೆ ಮುಂಚೆ ಗುಂಡಿಗಳ ಅಂಗಡಿ ನೋಡಿಬಿಡಿ. ಬರೀ ಗುಂಡಿ! ಮೂರು ಗೋಡೆ ತುಂಬ!"

ಇನ್‌ಸ್ಪೆಕ್ಟರ್ ಗುಂಡಿ ನೋಡಿದರು. ಗಡಿಯಾರ ನೋಡಿದರು. ನೀಲಿ ಕುದುರೆಗಳ ಚಿತ್ರದ ಮುಂದೆ ಗಂಡ ಆಕಳಿಸುವುದನ್ನೂ ನೋಡಿದರು. ಕೊನೆಗೆ ಪಾದ ಬಂತು: ಭಾನುವಾರ, 11.08. ಎಡಗಾಲು. ಬೆರಳುಗಳು ಒಳಕ್ಕೆ ಮಡಚಿ, ಹಿಮ್ಮಡಿ ಮೇಲಕ್ಕೆ ಎತ್ತಿಕೊಂಡಿತ್ತು. ನಂತರ ಮತ್ತೆ ಅಂಗಡಿಗಳು. ಇನ್‌ಸ್ಪೆಕ್ಟರ್ ಸಾಕು ಎನ್ನುವಷ್ಟರಲ್ಲಿ ಟಿಪ್ಪಣಿ ಫೋನಿನ ಮೇಲೆ ಬಾಗಿದಳು.

"ಸಾರ್, ಈ ಬೂಟು ನೋಡಿ. ಇದನ್ನ ಯಾರು ಹಾಕ್ಕೊಳ್ತಾರೆ?"

ಸೋಮವಾರ, 4.30. ಬೂಟು ಹೊಲಿಯುವವನ ಅಂಗಡಿಯ ಹಲಗೆಯ ಮೇಲೆ ಅರ್ಧ ಹೊಲಿದ ಒಂದು ಎಡಗಾಲ ಬೂಟು. ಮೂತಿ ಒಳಕ್ಕೆ ತಿರುಗಿತ್ತು, ಹಿಮ್ಮಡಿ ನಾಲ್ಕು ಬೆರಳು ಎತ್ತರವಿತ್ತು.

"ನಾನು ಲೇಸು ತಗೊಂಡೆ ಅಲ್ಲಿ. ಒಳ್ಳೇ ಮನುಷ್ಯ," ಎಂದರು ಟೀಚರಮ್ಮ. ತಾವೇನು ಹೇಳಿದೆವೆಂದು ಹೊಳೆದು ಫೋನನ್ನು ಎದೆಗೆ ಒತ್ತಿಕೊಂಡರು. ಗಂಡ ಮೆಲ್ಲಗೆ ಅದನ್ನು ಬಿಡಿಸಿ ಟಿಪ್ಪಣಿಯ ಕೈಗಿತ್ತರು.

ಅಂಗಡಿ ಸಂಗ್ರಹಾಲಯದ ಹಿಂದಿನ ಓಣಿಯಲ್ಲೇ ಇತ್ತು. 4.40. ಬೂಟಿನವನು ಐವತ್ತು ದಾಟಿದವನು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಇನ್‌ಸ್ಪೆಕ್ಟರ್ ಬೂಟು ತೋರಿಸಿ ಕೇಳಿದರು:

"ಇದರೊಳಗೆ ಏನಿದೆ?"

ಅವನು ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. "ಫರ್ಮಾ ಸಾರ್. ಬೂಟಿನ ಅಚ್ಚು. ಇದರ ಮೇಲೆ ಹಸಿ ಚರ್ಮ ಎಳೆದು ಹೊಲಿಯೋದು."

"ಸಂಗ್ರಹಾಲಯದ್ದು."

"ನಮ್ಮಪ್ಪ ಕೆತ್ತಿದ್ದು. ಮಾರ್ಕೆಟ್ ಕೆಡವಿದಾಗ ನಾನು ಆಸ್ಪತ್ರೇಲಿದ್ದೆ. ಅಂಗಡಿ ಸಾಮಾನೆಲ್ಲ ಮೂಟೆ ಕಟ್ಟಿ ಒಯ್ದುಬಿಟ್ರು."

"ಹಾಗಾದ್ರೆ ಕದ್ದವನು ನೀನೇ."

"ಹೌದು ಸಾರ್."

"ಅವನಿಗೇನು ಗೊತ್ತು ಕದಿಯೋದು!" ಒಳಗಿನಿಂದ ಹೆಂಗಸಿನ ದನಿ ಬಂತು. "ಚರ್ಮ ತಾ ಅಂದ್ರೆ ರಟ್ಟು ತರೋನು. ಕದ್ದಿದ್ದು ನಾನು."

ಪರದೆ ಸರಿಸಿದಾಗ ಬೂಟಿನವನ ಅಕ್ಕ ಕಾಣಿಸಿದರು. ತಗ್ಗು ಮಣೆಯ ಮೇಲೆ ಕೂತು ಚರ್ಮ ಕತ್ತರಿಸುತ್ತಿದ್ದರು. ಎಡಗಾಲಿಗೆ ಹಳೆಯ ಬಟ್ಟೆ ಸುತ್ತಿತ್ತು.

"ಅಕ್ಕ, ಸುಮ್ನಿರು."

"ನೀನು ಸುಮ್ನಿರೋ. ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗುತ್ತೆ. ನೋಡಿ ಸಾರ್, ಆಗ್ಲೇ ಆಗಿದೆ."

ಇನ್‌ಸ್ಪೆಕ್ಟರ್ ಸ್ಟೂಲಿನ ತುದಿಯಲ್ಲಿ ಕೂತರು. "ನೀವು ಹೇಗೆ ತಂದ್ರಿ?"

"ಟಿಕೆಟ್ ತಗೊಂಡು ಒಳಗೆ ಹೋದೆ. ಮಧ್ಯಾಹ್ನ ಒಂದೂವರೆ. ಕೊಠಡೀಲಿ ನಾನು ಬಿಟ್ರೆ ಆ ಕಾವಲುಗಾರ, ಅವನು ತೂಕಡಿಸ್ತಿದ್ದ. ಎತ್ತಿ ಚೀಲಕ್ಕೆ ಹಾಕ್ಕೊಂಡೆ. ಮೆಟ್ಟಿಲ ಹತ್ರ ಬಂದಾಗ ಅವನಿಗೆ ಎಚ್ಚರ ಆಯ್ತು. ಪಾಪ, ಓಡಿ ಬಂದ. 'ಚೀಲ ಕೊಡಿ ದೊಡ್ಡಮ್ಮ' ಅಂತ ತಾನೇ ಹಿಡ್ಕೊಂಡು, ಕೈ ಕೊಟ್ಟು, ಗೇಟಿನ ತನಕ ಬಿಟ್ಟ."

ಟಿಪ್ಪಣಿಯ ಲೇಖನಿ ನಿಂತಿತು. ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ, ಹತ್ತರವರೆಗೆ ಎಣಿಸಿ, ಬಿಟ್ಟರು.

"ಹೊಸ ಅಚ್ಚು ಮಾಡ್ಕೊಳ್ಳೋದಲ್ವಾ?"

"ಮೂರು ಕೆತ್ತಿದೆ ಸಾರ್," ಎಂದ ತಮ್ಮ. "ಮೂರೂ ಕಚ್ಚಿ ಹುಣ್ಣು ಮಾಡಿದ್ವು. ನಾನು ಹೊಲಿಯೋನು, ಕೆತ್ತೋನಲ್ಲ. ಅಪ್ಪ ಈ ಒಂದಕ್ಕೆ ಒಂದು ವರ್ಷ ತಗೊಂಡಿದ್ದ. ಹತ್ತು ದಿನಕ್ಕೆ ಕೊಡಿ ಅಂತ ಮೂರು ವರ್ಷದ ಹಿಂದೆ ಅರ್ಜಿ ಕೊಟ್ಟೆ. ಕೇಳೋಕೆ ಏಳು ಸಲ ಹೋದೆ. 'ಟಪಾಲಲ್ಲಿ ಉತ್ತರ ಬರುತ್ತೆ' ಅಂತ ಬಾಗಿಲಲ್ಲೇ ಕಳಿಸಿದ್ರು."

ಅಕ್ಕ ಬಟ್ಟೆ ಬಿಚ್ಚಿ ಕಾಲನ್ನು ಮುಂದಕ್ಕೆ ಚಾಚಿದರು. ಬೆರಳುಗಳು ಒಳಕ್ಕೆ ಮಡಚಿದ್ದವು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಗಾಯಗಳು ಒಣಗಿ ಕಪ್ಪಾಗಿದ್ದವು.

"ಚೀಟೀಲಿ ವಿಕಾರ ಅಂತ ಬರೆದಿದ್ದಾರೆ. ಬರ್ಕೊಳ್ಳಲಿ, ನಂಗೆ ಸಿಟ್ಟಿಲ್ಲ. ಹಳೇ ಬೂಟು ಹರಿದು ಮೂರು ವರ್ಷದ ಮೇಲಾಯ್ತು. ಭಾನುವಾರ ಒಂದು ಬಿಟ್ರೆ ಈ ಓಣಿ ದಾಟಿಲ್ಲ ನಾನು. ಚರ್ಮದ ಮಂಡಿಗೆ ಹೋಗಿ ಮುಟ್ಟಿ ಆರಿಸೋಳು ನಾನಾಗಿದ್ದೆ. ನನ್ನ ಕಾಲು ನಾನು ತಂದೆ, ಅಷ್ಟೇ. ಕಾನೂನಿನಲ್ಲಿ ಅದು ಕಳವಾದ್ರೆ ಕರ್ಕೊಂಡು ಹೋಗಿ."

ಕಾನೂನಿನಲ್ಲಿ ಅದು ಕಳವೇ ಆಗಿತ್ತು. 5.10ಕ್ಕೆ ಬಂಧನ ಪತ್ರ ಬರೆಯಲಾಯಿತು.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು?" ಟಿಪ್ಪಣಿ ಕೇಳಿದಳು.

"ಇವನಿಗೇ. ಇಲ್ಲೇ ನಿಂತಿದ್ದಾನಲ್ಲ."

"ತಿಳೀತು ಮೇಡಂ," ಎಂದ ತಮ್ಮ. ಅವನ ಕಣ್ಣು ಮಾತ್ರ ಹಲಗೆಯ ಮೇಲಿತ್ತು. "ಸಾರ್, ಈಗ ಫರ್ಮಾ ಎಳೆದ್ರೆ ಚರ್ಮ ಮುದುಡಿ ಬೂಟು ಕೆಡುತ್ತೆ. ಇನ್ನೆರಡು ದಿನ ಒಣಗ್ಬೇಕು."

ಇನ್‌ಸ್ಪೆಕ್ಟರ್ ಬೂಟನ್ನು ನೋಡಿದರು, ಟಿಪ್ಪಣಿಯನ್ನು ನೋಡಿದರು.

"ಬರ್ಕೋ. ಮರದ ಪಾದ ಒಂದು, ಮೇಲೆ ಚರ್ಮ ಸಮೇತ, ಇದ್ದ ಸ್ಥಿತಿಯಲ್ಲೇ ಜಪ್ತಿ." ಮತ್ತೆ ಬೂಟಿನವನತ್ತ ತಿರುಗಿ, "ಗಾಳಿ ಬೇಕಾ?" ಎಂದರು.

"ಬೇಕು ಸಾರ್. ಬಿಸಿಲು ಬೀಳ್ಬಾರ್ದು."

ಮುದ್ದೆಮಾಲು ತೆಳು ಬಟ್ಟೆಯಲ್ಲಿ ಸೀಲಾಗಿ ಠಾಣೆಯ ಉತ್ತರದ ಕಿಟಕಿಯಲ್ಲಿ ಕೂತಿತು. ಅಕ್ಕನನ್ನು ಟಿಪ್ಪಣಿ ತೋಳು ಹಿಡಿದು ಜೀಪಿಗೆ ಹತ್ತಿಸಿದಳು.

ಬುಧವಾರ ಬೆಳಿಗ್ಗೆ ನ್ಯಾಯಾಧೀಶರು ಜಾಮೀನು ಕೊಟ್ಟು, ಒಂದೇ ಮಾತು ಕೇಳಿದರು: ವಸ್ತು ಸಂಗ್ರಹಾಲಯದ್ದೇ ಎನ್ನಲು ದಾಖಲೆ ಏನಿದೆ? ಶುಕ್ರವಾರ ಹಾಜರುಪಡಿಸಿ.

ಮಧ್ಯಾಹ್ನ 2.30ಕ್ಕೆ ಇನ್‌ಸ್ಪೆಕ್ಟರ್ ಸಂಗ್ರಹಾಲಯದ ಕಚೇರಿಯಲ್ಲಿ ಕಡತ ತಿರುವುತ್ತಿದ್ದರು. ಮೂಟೆ ಯಾರ ಅಂಗಡಿಯದು, ಯಾರು ಕೊಟ್ಟರು, ಒಂದಕ್ಕೂ ಕಾಗದವಿರಲಿಲ್ಲ. ಬೂಟಿನವನ ಅರ್ಜಿ ಇತ್ತು. ಅದರ ಕೆಳಗೆ ಉತ್ತರವೂ ಇತ್ತು: "ಸದರಿ ವಸ್ತುವನ್ನು ಬೂಟು ಹೊಲಿಯುವ ಸಲುವಾಗಿ ಹತ್ತು ದಿನಗಳ ಮಟ್ಟಿಗೆ ನೀಡಲು ಒಪ್ಪಿಗೆ ಇದೆ." ಸಹಿ, ಮೊಹರು ಎಲ್ಲ ಇತ್ತು. ತಾರೀಖು ಎರಡು ವರ್ಷ ಒಂಬತ್ತು ತಿಂಗಳ ಹಿಂದಿನದು.

"ಇದು ಯಾಕೆ ಇಲ್ಲಿದೆ?"

"ಸಹಿ ಮಾಡಿದ್ಮೇಲೆ ಹೋಗಿದೆ ಅಂದ್ಕೊಂಡಿದ್ದೆ ಸಾರ್," ಎಂದ ಮೇಲ್ವಿಚಾರಕ.

ಟಪಾಲು ಗುಮಾಸ್ತ ಎದ್ದು ನಿಂತ. "ವಿಳಾಸ ಅಪೂರ್ಣ ಸಾರ್. 'ಸಂಗ್ರಹಾಲಯದ ಹಿಂದಿನ ಓಣಿ, ಬೂಟಿನ ಅಂಗಡಿ' ಅಂತ ಅಷ್ಟೇ ಇತ್ತು. ಮನೆ ನಂಬರ್ ಇಲ್ಲದೆ ಕಳಿಸೋ ಹಾಗಿಲ್ಲ."

"ಆ ಕಿಟಕಿ ತೆಗಿ."

ಗುಮಾಸ್ತ ತೆಗೆದ. ಹಿಂದಿನ ಓಣಿಯಿಂದ ಸುತ್ತಿಗೆಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅಂಗಡಿಯ ಫಲಕವೂ ಕಾಣುತ್ತಿತ್ತು.

"ಈಗ ಕಳಿಸು," ಎಂದರು ಇನ್‌ಸ್ಪೆಕ್ಟರ್.

ಮೇಲ್ವಿಚಾರಕ ಬೆವರಿದ. "ಈಗ ಕಳಿಸಿದ್ರೆ ಕೋರ್ಟಿನಲ್ಲಿ ಅವರು ತೋರಿಸ್ತಾರಲ್ವಾ ಸಾರ್? ನಂಗೆ ತೊಂದ್ರೆ ಆಗುತ್ತೆ."

"ಆಗ್ಲಿ."

ಇನ್‌ಸ್ಪೆಕ್ಟರ್ ಕಡತದ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡು ಒಂದು ಪ್ರತಿ ತೆಗೆದಿಟ್ಟರು. ದೋಷಾರೋಪ ಪಟ್ಟಿಯಲ್ಲಿ ಪ್ರೇರಣೆ ಎಂಬ ಕಡೆ ಏನು ಬರೆಯಬೇಕೆಂದು ಟಿಪ್ಪಣಿ ಕೇಳಿದ್ದಳು. ಅವರು ತಾವೇ ಬರೆದರು: ನಡೆದಾಡಬೇಕಾಗಿತ್ತು.

ಗುಮಾಸ್ತ ರವಾನೆ ಪುಸ್ತಕ ತೆರೆದು ಸಂಖ್ಯೆ ಹಾಕಿದ, ಇವತ್ತಿನ ತಾರೀಖು ಹಾಕಿದ. ಕಳಿಸಿದ ರೀತಿ ಎಂಬ ಅಂಕಣದಲ್ಲಿ ಸ್ವಲ್ಪ ಹೊತ್ತು ತಡವರಿಸಿ "ಕೈಯಾರೆ" ಎಂದು ಬರೆದ. ಆಮೇಲೆ ಲಕೋಟೆಗೆ ಅಂಟು ಹಚ್ಚಿ, ಅಂಗಿ ಸರಿಮಾಡಿಕೊಂಡು, ಹಿಂಬಾಗಿಲಿನಿಂದ ಓಣಿಗೆ ಇಳಿದ. ಸಮಯ 3.05.