ಬಳೆಯ ಅಳತೆ

೧೯೮೬ರ ಮಾರ್ಚ್ ೧೨, ಬುಧವಾರ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಚೆಂಬೂರಿನ ಠಾಣೆಗೆ ಒಂದು ದೂರು ಬಂತು. ತಂದವನು ನಂಜುಂಡ, ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಇಸ್ತ್ರಿ ಮುರಿಯದ ಶರ್ಟು. ಹಾಲು ತರಲು ಹೋದ ಹೆಂಡತಿ ಸುಮಿತ್ರಾ ಮರಳಿರಲಿಲ್ಲ.

"ಎಷ್ಟು ಹೊತ್ತಿಗೆ ಹೋದ್ರು?" ಇನ್‌ಸ್ಪೆಕ್ಟರ್ ಜಯಸಿಂಹ ಕೇಳಿದರು.

"ಆರೂ ಹತ್ತಕ್ಕೆ ಸಾರ್. ಬೂತಿಗೆ ಹೋಗಿ ಬರೋಕೆ ಒಂಬತ್ತು ನಿಮಿಷ. ಕ್ಯೂ ಇದ್ರೆ ಹದಿಮೂರು."

"ಸೀರೆ?"

"ಬೂದು ಬಣ್ಣ, ನೀಲಿ ಅಂಚು. ದಿನಾ ನಾನೇ ತೆಗೆದಿಡೋದು ಸಾರ್."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಖಂಡಪ್ಪನ ಪೆನ್ನು ನಿಂತಿತು. ಬಿಜಾಪುರದ ಕಡೆಯವನು, ವಾರಕ್ಕೆರಡು ಸಿನೆಮಾ ನೋಡುವವನು, ಬಾಯಿ ಬಿಟ್ಟರೆ ಡೈಲಾಗು. ತನ್ನ ಹೆಂಡತಿ ಇವತ್ತು ಯಾವ ಸೀರೆ ಉಟ್ಟಿದ್ದಾಳೆಂದು ಕೇಳಿದರೆ ಮಾತ್ರ ಅವನು ಕಕ್ಕಾಬಿಕ್ಕಿ.

"ಸಾಹೇಬ್ರ, ಹಿಂತಾ ಹೀರೋ ಪಿಚ್ಚರ್‌ದಾಗೂ ಸಿಗಂಗಿಲ್ರಿ!" ಎಂದವನು ನಂಜುಂಡನ ಹೆಗಲು ತಟ್ಟಿದ. "ಚಿಂತಿ ಬಿಡ್ರಿ. ಸಂಜೀಕ ಕ್ಲೈಮ್ಯಾಕ್ಸ್. ವೈನಿ ನಿಮ್ಮ ಮುಂದ, ನಿಮ್ಮ ಕಣ್ಣಾಗ ನೀರು. ಖಂಡಪ್ಪ ಜಬಾನ್ ಕೊಟ್ಟಾನಂದ್ರ ಕೊಟ್ಟಾನ!"

ಕಾಣೆಯಾದ ಹೆಂಗಸು ಸಿಕ್ಕರೆ ಗಂಡನ ಕೈಗೆ ಒಪ್ಪಿಸಿ, ಅವನ ಸಹಿ ಪಡೆದು ಫೈಲು ಮುಚ್ಚುವುದು ಠಾಣೆಯ ರೂಢಿ. ನಂಜುಂಡ ಬೀಗದ ಕೈ ಕೊಟ್ಟು ಬೆಂಚಿನ ಮೇಲೆ ಕೂತ.

ಹತ್ತೂ ಐವತ್ತಕ್ಕೆ ಖಂಡಪ್ಪ ಅವರ ಬಿಲ್ಡಿಂಗ್ ತಲುಪಿದ. ಬೀಗ ತೆಗೆದು ಒಳಹೋದಾಗ ಪಕ್ಕದ ಮನೆಯ ಕೌಸಲ್ಯಾ ಜೊತೆಗೆ ಬಂದಳು.

"ಪುಣ್ಯ ಮಾಡಿದ್ಲು ಕಣ್ರೀ ಅವಳು. ತರಕಾರಿ ಅವರೇ ತರ್ತಾರೆ. ಊಟಕ್ಕೆ ದಿನಾ ಮನೆಗೇ ಬರ್ತಾರೆ. ಅರಿಶಿನ-ಕುಂಕುಮಕ್ಕೆ ಕರೆದ್ರೆ ಬಾಗಿಲವರೆಗೂ ಬಿಟ್ಟು, ಹತ್ತೇ ನಿಮಿಷಕ್ಕೆ ಬಂದು ಕರ್ಕೊಂಡು ಹೋಗ್ತಾರೆ. ನೋಡಿ ಕಲೀರಿ ಅಂತ ನಮ್ಮ ಯಜಮಾನ್ರಿಗೆ ಹೇಳ್ತಾನೇ ಇರ್ತೀನಿ."

"ತವರಮನಿ ಮಂದಿ ಬರ್ತಾರೇನ್ರಿ?"

"ಮೊದ್ಲು ಬರ್ತಿದ್ರು. ಇವರಿಗೆ ಗಲಾಟೆ ಆಗಲ್ಲ. ಅಲ್ಲಿಂದ ಕಾಗದ ಬಂದ್ರೂ ಇವರೇ ಓದಿ ಹೇಳೋದು."

"ಆಕಿಗೆ ಓದಾಕ ಬರಂಗಿಲ್ಲೇನ್ರಿ?"

"ಅಯ್ಯೋ, ಬಿ.ಎ. ಅವಳು!"

ಖಂಡಪ್ಪ ನಗಲು ಹೋದ, ನಗು ಬರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಚಿಲಕ ಹೊರಗಡೆಯಿತ್ತು.

"ಕಳ್ಳರ ಭಯಕ್ಕೆ," ಎಂದಳು ಕೌಸಲ್ಯಾ.

"ಅಡಿಗಿಮನಿ ಒಳಗ ಯಾವ ಕಳ್ಳರಿ?"

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದ ಬಳೆಗಾರ್ತಿ ದೌಲತಬಿ ಖಾಕಿ ಕಂಡು ಸರಕ್ಕನೆ ತಿರುಗಿದಳು. ಖಂಡಪ್ಪ ಕೆಳಗಿಳಿದು ತಡೆದ.

"ಸುಮಿತ್ರಾಬಾಯಿನ್ನ ನೋಡೀಯೇನು, ಆಯಿ?"

"ಸಿಕ್ಕರ ಏನ ಮಾಡ್ತೀಯಪಾ?"

"ಗಂಡನ ಕೈಯಾಗ ಕೊಡೂದು."

"ಹಂಗಾರ ನನಗ ಗೊತ್ತಿಲ್ಲ."

ಖಂಡಪ್ಪ ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತ. "ಕೊಡಂಗಿಲ್ಲ. ಹೇಳು."

ಮುದುಕಿ ಬಳೆಯ ಬುಟ್ಟಿ ಕೆಳಗಿಟ್ಟಳು.

"ಆಕಿದು ಎರಡೂ ನಾಕರ ಅಳತಿ ಬಳಿ. ಭಾಂಡೆ ತಿಕ್ಕಿದ್ರ ತಿಂಗಳಿಗೆ ಮೂರು-ನಾಕು ಒಡೀತಾವ. ಈಕಿದು ಹದಿನೈದು ದಿನಕ್ಕ ಎರಡೂ ಕೈ ಖಾಲಿ. ಮುತ್ತೈದಿ ಬರಿಗೈಲೆ ಇರಬಾರದಂತ ಅಂವನ ನನ್ನ ಕರಸ್ತಿದ್ದ. ಬಾಜೂಕ ನಿಂತು ಬಣ್ಣ ಆರಸ್ತಿದ್ದ. ಹ್ವಾದ ವಾರ ಬಾತ ಬಲಗೈಗೆ ಎರಡೂ ಎಂಟರ ದೊಡ್ಡ ಬಳಿನೂ ಏರಲಿಲ್ಲ. ಹೆಬ್ಬಟ್ಟಿನ ಬುಡ ಒತ್ತಿದೆ. ಆಕಿ ಚೀರಲಿಲ್ಲಪಾ, ಸೆರಗು ಬಾಯಾಗ ಇಟಗೊಂಡಳು. ಅಂವ ಅಂದ, 'ಹಸಿರು ಚೆನ್ನಾಗಿ ಕಾಣತ್ತೆ.'"

ಆವತ್ತೇ ಬಳೆ ತೊಡಿಸುವ ನೆಪದಲ್ಲಿ ತನ್ನ ಚಾಳಿನ ವಿಳಾಸವನ್ನು ಸುಮಿತ್ರಾಳ ಕಿವಿಗೆ ಹಾಕಿದ್ದಳು ದೌಲತಬಿ.

ಖಂಡಪ್ಪ ಠಾಣೆಗೆ ಮರಳಿದಾಗ ನಂಜುಂಡ ಎದ್ದು ನಿಂತ. "ಸಿಕ್ಕಳಾ?"

"ಇಲ್ರಿ. ಕುಂಡ್ರಿ."

ಒಳಗೆ ಎಲ್ಲವನ್ನೂ ಕೇಳಿದ ಜಯಸಿಂಹ ಮೇಜು ತಟ್ಟುತ್ತ ಯೋಚಿಸಿದರು. "ಗಂಡ-ಹೆಂಡ್ತಿ ವಿಷ್ಯ ಕಣಯ್ಯ. ಕೂರಿಸಿ ಬುದ್ಧಿ ಹೇಳಿ ಕಳಿಸೋಣ."

"ಮೊದಲ ಕೈ ನೋಡ್ರಿ ಸಾಹೇಬ್ರ. ಆಮ್ಯಾಲ ಕಳಸ್ರಿ."

ಮಧ್ಯಾಹ್ನ ಎರಡೂಕಾಲಿಗೆ ಜೀಪು ಘಾಟ್ಕೋಪರಿನಲ್ಲಿ ದೌಲತಬಿಯ ಚಾಳಿನ ಮುಂದೆ ನಿಂತಿತು. ಚಾಪೆಯ ಮೇಲಿದ್ದ ಸುಮಿತ್ರಾ ಖಾಕಿ ನೋಡಿದ ಕೂಡಲೇ ಗೋಡೆಗೆ ಒತ್ತಿಕೊಂಡಳು.

"ಅವರು ಕೆಳಗಿದ್ದಾರಾ?"

"ಇಲ್ಲಮ್ಮ," ಎಂದರು ಜಯಸಿಂಹ. ಬಲಗೈ ನೋಡಿದ ಮೇಲೆ ಬುದ್ಧಿ ಹೇಳುವ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹೊಸ ಮುರಿತ ಕಂಡಿತು. ಅದರ ಮೇಲ್ಗಡೆ, ಕೂಡಿಕೊಂಡ ಹಳೆಯ ಮುರಿತ ಎರಡು. ನಾಲ್ಕೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಸೆಕ್ಷನ್ ೪೯೮-ಎ, ೩೨೫. ಬಲಗೈಗೆ ಪ್ಲಾಸ್ಟರ್ ಕಟ್ಟಿದ್ದರಿಂದ ಬಿ.ಎ. ಪಾಸಾದ ಸುಮಿತ್ರಾ ಹೇಳಿಕೆಯ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಮನೆಯ ಪಂಚನಾಮೆಯಲ್ಲಿ ಅಡುಗೆಮನೆಯ ಚಿಲಕ ಸೇರಿತು. ಪಂಚ ಸಾಕ್ಷಿಯಾಗಿ ಸಹಿ ಮಾಡಿದ ಕೌಸಲ್ಯಾ, "ನಾವು ಪ್ರೀತಿ ಅಂದ್ಕೊಂಡ್ವಲ್ಲ ಸಾರ್," ಎಂದಳು.

ಸಂಜೆ ಐದೂವರೆಗೆ ಖಂಡಪ್ಪ ಬೆಂಚಿನ ಬಳಿ ಬಂದು ನಂಜುಂಡನ ಮುಂಗೈ ಹಿಡಿದ. ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. "ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಆಯ್ತು," ಎಂದ ಅಷ್ಟೆ.

"ಯಾಕೆ ಹೊಡೀತಿದ್ದೆ?" ಜಯಸಿಂಹ ಕೇಳಿದರು.

ನಂಜುಂಡ ಶರ್ಟಿನ ತೋಳು ಸರಿಮಾಡಿಕೊಂಡು, ರಜೆಯ ಕಾರಣ ಹೇಳುವವನ ಹಾಗೆ ಮೆಲ್ಲಗೆ ಹೇಳಿದ. ಖಂಡಪ್ಪ ಒಂದಕ್ಷರ ಬಿಡದೆ ಬರೆದುಕೊಂಡ.

"ಹದಿನಾಲ್ಕು ವರ್ಷದಿಂದ ಅದೇ ಆಫೀಸು ಸಾರ್. ನಾನು ಒಳಗೆ ಬಂದ್ರೆ ಯಾರೂ ತಲೆ ಎತ್ತಲ್ಲ. ಮನೇಲಿ ಕಾಲಿನ ಸದ್ದು ಕೇಳಿದ್ರೆ ಸಾಕು, ಅವಳು ಎದ್ದು ನಿಲ್ಲೋಳು."