ತಿರುಗಿಸಿ ನೋಡದ ಗಾಜು

"ನಿಮ್ಮ ಗಾಜು ಸರಿಯಿಲ್ಲ. ಇದು ಮೂರನೇ ಸಲ, ಚಿತ್ರ ಜಾರಿ ನೀರಿಗೆ ಬಿತ್ತು."

ಹೀಗೆಂದವನ ಹತ್ತೂ ಬೆರಳು ನೀಲಿಯಾಗಿದ್ದವು. ಎಡಗೈಯಲ್ಲಿ ಕಟರ್ ಹಿಡಿದು ಗಾಜು ಕತ್ತರಿಸುತ್ತಿದ್ದವಳು ತಲೆಯೆತ್ತಿದಳು. ಅಪ್ಪನ ಅಂಗಡಿಯ ಗಾಜಿಗೆ ಹೆಸರಿಡೋನು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದಳು. ಹುಟ್ಟಿ, ಬೆಳೆದು, ಎದುರಿಗೇ ಬಂದು ನಿಂತಿದ್ದ!

"ಗಾಜು ಸರಿಯಾಗೇ ಇದೆ. ಜಿಡ್ಡಿರೋದು ನಿಮ್ಮ ಕೈಯಲ್ಲಿ," ಎಂದಳು.

ಅಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು.

ಅವನದು ಫೋಟೋ ಕೆಲಸ, ಆದರೆ ಕಾಗದದ ಮೇಲಲ್ಲ. ಗಾಜಿಗೆ ತೆಳ್ಳಗೆ ಜೆಲಟಿನ್ ಬಳಿದು, ಬಿಸಿಲು ತಾಗಿದರೆ ನೀಲಿಯಾಗುವ ಮದ್ದು ಹಚ್ಚಿ, ಮೇಲೆ ನೆಗೆಟಿವ್ ಇಟ್ಟು ತಾರಸಿಯಲ್ಲಿ ಕಾಯುವುದು. ಆಮೇಲೆ ತಣ್ಣೀರಲ್ಲಿ ತೊಳೆದರೆ ನೀಲಿ ಚಿತ್ರ ನಿಲ್ಲಬೇಕು. ಇವನದು ಮಾತ್ರ ಹಾಲಿನ ಕೆನೆಯಂತೆ ಜಾರಿ ಹೋಗುತ್ತಿತ್ತು.

ಅವಳೇ ಕಲಿಸಿಕೊಟ್ಟಳು. ಸೀಮೆಸುಣ್ಣದ ಪುಡಿ, ಸ್ಪಿರಿಟ್, ಹಳೇ ಹತ್ತಿ ಬಟ್ಟೆ. ಚೆನ್ನಾಗಿ ಉಜ್ಜಿ ಗಾಜಿನ ಮೇಲೆ ಉಸಿರು ಬಿಡಬೇಕು. ಮಂಜು ಎಲ್ಲ ಕಡೆ ಒಂದೇ ಸಮ ಕೂತರೆ ಗಾಜು ಶುದ್ಧ.

ಇಬ್ಬರೂ ಒಂದೇ ಗಾಜಿಗೆ ಬಗ್ಗಿ ಉಸಿರು ಬಿಟ್ಟರು. ಮಂಜು ಕೂತಿತು, ಆರಿತು. ತಲೆ ಎತ್ತೋದು ಮಾತ್ರ ಇಬ್ಬರಿಗೂ ಮರೆತೇ ಹೋಗಿತ್ತು. ಅಪ್ಪ ಕೆಮ್ಮಿದರು, ನೋಡಿ, ಆಗ ನೆನಪಾಯಿತು.

ಅಂದಿನಿಂದ ಅವನು ಅಂಗಡಿಗೆ 'ನೀಲಿ ಸಾಹೇಬ್ರು' ಆದ. ವಾರಕ್ಕೆ ಒಂದು ಗಾಜು ಸಾಕಾಗಿದ್ದವನಿಗೆ ದಿನಕ್ಕೊಂದು ಬೇಕಾಯಿತು. ಒಂದು ದಿನ ಕ್ಯಾಮೆರಾ ತಂದು ಅಂಗಡಿಯನ್ನೆಲ್ಲ ಫೋಟೋ ತೆಗೆದುಕೊಂಡು ಹೋದ.

ಅಷ್ಟರಲ್ಲಿ ಸೋದರತ್ತೆ ಒಂದು ಸಂಬಂಧ ತಂದರು. ಹುಡುಗ ಒಳ್ಳೆಯವನಂತೆ, ಶನಿವಾರ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ.

*ನೀಲಿ ಸಾಹೇಬ್ರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾದರೆ ಸಾಕು...* ಅಂದುಕೊಂಡು, ಹೊಸ ಗಾಜು ತಲುಪಿಸುವ ನೆಪದಲ್ಲಿ ಅವಳು ಅವನ ಕೋಣೆಗೆ ಹೋದಳು.

ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟ ಚಿತ್ರ ಕಂಡಿತು. ಕಟರ್ ಹಿಡಿದ ಹೆಣ್ಣಿನ ಎರಡು ಕೈ, ನೀಲಿಯಲ್ಲಿ. ಕಟರ್ ಇದ್ದದ್ದು ಬಲಗೈಯಲ್ಲಿ.

ಗಾಜು ಹಿಡಿದ ತನ್ನ ಎಡಗೈಯನ್ನು ಅವಳು ಒಮ್ಮೆ ನೋಡಿಕೊಂಡಳು.

"ಯಾರ ಕೈ?"

"ನನ್ನ ಮನಸ್ಸು ಗೆದ್ದವರ ಕೈ," ಎಂದ ಅವನು. ಅವಳ ಕೈ ಅವಳಿಗೇ ಗೊತ್ತಾಗದೆ ಇರುತ್ತಾ ಅಂತ ಅವನ ಲೆಕ್ಕ. ನಗುತ್ತಾ ಅವಳ ಮುಖವನ್ನೇ ನೋಡುತ್ತಾ ನಿಂತ.

"ಒಳ್ಳೇದಾಗಲಿ," ಎಂದು ಗಾಜು ಕೆಳಗಿಟ್ಟು ಅವಳು ಮೆಟ್ಟಿಲಿಳಿದಳು. ಬೀದಿಯುದ್ದಕ್ಕೂ ಕಣ್ಣೊರೆಸಿಕೊಂಡಳು. *ಯಾವ ಅಂಗಡಿಯವಳೋ... ನಾನೇ ಹುಚ್ಚಿ.*

ಮೇಲೆ ಅವನೂ ಕುಸಿದು ಕೂತಿದ್ದ. ಕೇಳಿದ್ದೂ ಆಯಿತು, ಉತ್ತರ ಸಿಕ್ಕಿದ್ದೂ ಆಯಿತು ಅಂತ ಅವನ ದುಃಖ. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನಿಸುತ್ತೆ ಅಲ್ವಾ?

ನಾಲ್ಕು ದಿನ ನೀಲಿ ಸಾಹೇಬರ ಸುಳಿವಿಲ್ಲ. ಶನಿವಾರ ಮಧ್ಯಾಹ್ನ ಅವಳು ಅಪ್ಪನ ಮುಂದೆ ನಿಂತು, ಅತ್ತೆಗೆ ಹೂಂ ಅಂತ ಹೇಳಿಬಿಡಿ ಎಂದಳು. ಮಗಳ ಮುಖ ನೋಡಿದ ಅಪ್ಪ ಫೋನ್ ಕೈಗೆ ತಗೊಂಡರು, ಆದರೆ ಒತ್ತಲಿಲ್ಲ.

ಅಷ್ಟರಲ್ಲಿ ಅವನು ಬಂದ. ಬಟ್ಟೆ ಸುತ್ತಿದ ಗಾಜನ್ನು ಮೇಜಿನ ಮೇಲಿಟ್ಟ. ದನಿ ಸಣ್ಣಗಾಗಿತ್ತು.

"ಇದು ನಿಮ್ಮದು. ನೀವು ಬೇಡ ಅಂದ ಮೇಲೆ ನಾನು ಇಟ್ಕೊಳ್ಳೋದು ಸರಿಯಲ್ಲ."

ನಾನು ಯಾವಾಗ ಬೇಡ ಅಂದೆ? ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಬಟ್ಟೆ ಬಿಚ್ಚಿದರು.

"ಅಲ್ಲ ಕಣೇ ಎಡಚಿ, ಇದು ನಿನ್ನ ಕೈ. ತೋರುಬೆರಳ ಗಾಯದ ಗುರುತೂ ಬಂದಿದೆ ನೋಡು."

ಕಟರ್ ಎಡಗೈಯಲ್ಲಿತ್ತು.

"ಅವತ್ತು ಬಲಗೈಯಲ್ಲಿತ್ತಲ್ಲ..." ಎಂದಳು.

ಅವನು ಅವಳನ್ನೇ ನೋಡಿದ. ಜೆಲಟಿನ್ ಬಳಿದ ಬದಿಗೆ ಗೀರು ಬೀಳದಿರಲೆಂದು ಅದನ್ನು ಯಾವಾಗಲೂ ಗೋಡೆ ಕಡೆ ಮಾಡಿ ಇಡುತ್ತೇನೆ, ನೀವು ನೋಡಿದ್ದು ಹಿಂಬದಿಯಿಂದ, ಅದಕ್ಕೇ ಎಡಗೈ ಬಲಗೈಯಾಗಿ ಕಂಡಿದೆ ಎಂದು ತಡವರಿಸುತ್ತಾ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೂ ಎಲ್ಲ ಹೊಳೆಯಿತು.

ಹುಟ್ಟಿದಾಗಿನಿಂದ ಗಾಜಿನ ಮಧ್ಯೆ ಬೆಳೆದವಳು ಆ ಒಂದು ಗಾಜನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅಪ್ಪ ಫೋನನ್ನು ಜೇಬಿಗಿಳಿಸಿದರು. ತಂಗಿಗೆ ಉಹೂಂ ಅಂತ ಆಮೇಲೆ ನಿಧಾನವಾಗಿ ಹೇಳುತ್ತೇನೆ, ಈಗ ಕಾಫಿ ತರುತ್ತೇನೆ ಎಂದು ಎದ್ದರು. ಕಾಫಿ ಅಂಗಡಿ ಪಕ್ಕದಲ್ಲೇ ಇತ್ತು. ಅವರು ಆ ಬೀದಿಯ ಕೊನೆಯ ಅಂಗಡಿಗೆ ಹೋದರು.

ಅವಳು ಹೊಸದೊಂದು ಗಾಜು ತೆಗೆದು ಅಳತೆ ಗುರುತು ಮಾಡತೊಡಗಿದಳು.

"ಇದು ಯಾತಕ್ಕೆ?" ಎಂದ.

"ಅದರಲ್ಲಿ ನನ್ನ ಕೈ ಮಾತ್ರ ಇದೆ. ನಿಮ್ಮದು ಬೇಡ್ವಾ?"

ಅವನು ಅಂಗೈ ಪ್ಯಾಂಟಿಗೆ ಒರೆಸಿಕೊಂಡ. "ನೀಲಿ ಹೋಗಲ್ಲ ಕಣ್ರೀ..."

"ಇರಲಿ ಬಿಡಿ," ಎಂದು ಅವಳು ಎಡಗೈ ಚಾಚಿದಳು. "ಜಿಡ್ಡಿಲ್ಲ ತಾನೇ?"